ಡಾಲಿ ಯಾರ ನಾಯಿ?

ಮೊದಲು ಕಣ್ಣಿಗೆ ಬಿದ್ದದ್ದು ಬಣ್ಣ. ಸಾಗರದ ಪೊಲೀಸ್ ಲೈನಿನಲ್ಲಿ ನಮ್ಮ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಡಾಲಿ ಉಚ್ಚೆ ಹೊಯ್ದಿತ್ತು. ಯಾರೋ ಕಾಫಿ ಚರಟ ಚೆಲ್ಲಿದ್ದಾರೆ ಎಂದುಕೊಂಡು ನಾನೇ ಬೈದುಕೊಳ್ಳುತ್ತ ನೀರು ಹೊಯ್ದು ತೊಳೆದೆ. ಮಧ್ಯಾಹ್ನ ಅದೇ ಜಾಗದಲ್ಲಿ ಮತ್ತೆ ಅದೇ ಬಣ್ಣ.

ರಕ್ತ.

ಡಾಲಿ ನಮ್ಮ ಮನೆಗೆ ಬಂದು ಆಗ ವರ್ಷದ ಮೇಲಾಗಿತ್ತು. ಬೆಂಗಳೂರಿನ ಪೊಲೀಸ್ ನಾಯಿದಳದಲ್ಲಿದ್ದ ಅಲ್ಸೇಷನ್ ಹೆಣ್ಣುನಾಯಿ. ನಮ್ಮ ಯಜಮಾನರು ಅದರ ಹಗ್ಗ ಹಿಡಿದು ಜೊತೆಯಲ್ಲಿ ಓಡುವ ಕಾನ್‌ಸ್ಟೇಬಲ್. ಕಳ್ಳನ ಬೆನ್ನು ಹತ್ತಿ ಕಾಂಪೌಂಡ್ ಗೋಡೆ ಹಾರುವಾಗ ಬಿದ್ದು ಡಾಲಿಯ ಸೊಂಟಕ್ಕೆ ಪೆಟ್ಟಾಯಿತು. ಆಮೇಲೆ ಓಡಲಾಗಲಿಲ್ಲ. ಇಲಾಖೆಯಲ್ಲಿ ಓಡದ ಜೀಪಿಗೂ ಓಡದ ನಾಯಿಗೂ ಒಂದೇ ಮಾತು: ಕಂಡಮ್. ಕಂಡಮ್ ಆದ ಮೇಲೆ ಮಾಂಸದ ರೇಷನ್ನೂ ಇಲ್ಲ, ನಾಯಿದಳದ ಡಾಕ್ಟರೂ ಇಲ್ಲ. ಇವರು ಮೇಲಿನವರನ್ನು ಕಾಡಿ ಬೇಡಿ ನಾಯಿಯನ್ನು ಪಡೆದುಕೊಂಡು, ಊರ ಕಡೆಗೆ ವರ್ಗ ಮಾಡಿಸಿಕೊಂಡು ಬಂದರು. ನಾನು ತೀರ್ಥಹಳ್ಳಿ ಕಡೆಯವಳು. ನಮ್ಮಲ್ಲಿ ನಾಯಿ ಎಂದರೆ ಅಂಗಳದ ಆಚೆ ಇರುವ ಪ್ರಾಣಿ. ಇದು ನೆಟ್ಟಗೆ ಅಡುಗೆಮನೆಯ ಹೊಸಿಲಿಗೆ ಬಂದು ಕೂತಿತು.

ಒಂದು ವಿಷಯಕ್ಕೆ ನನಗೆ ಅದರ ಮೇಲೆ ಸಿಟ್ಟಿತ್ತು. ಬೇಯಿಸುವುದು ನಾನು, ತಿನ್ನುವುದು ಅವರ ಕೈಯಿಂದ ಮಾತ್ರ. ಕಳ್ಳರು ವಿಷ ಹಾಕಿಯಾರೆಂದು, ಬೇರೆಯವರು ಕೊಟ್ಟದ್ದನ್ನು ಮೂಸಲೂಬಾರದು ಎಂದು ಪೊಲೀಸ್ ನಾಯಿಗೆ ಕಲಿಸಿರುತ್ತಾರಂತೆ. ತಿನ್ನಬೇಕಾದರೆ ಒಂದು ಗುಟ್ಟಿನ ಮಾತು ಹೇಳಬೇಕು. ಅದು ಹಗ್ಗ ಹಿಡಿದವನಿಗೆ ಮಾತ್ರ ಗೊತ್ತು. ಇವರು ಬಟ್ಟಲು ಹಿಡಿದು ಹಿತ್ತಿಲಿನ ಸೌದೆಮನೆಗೆ ಹೋಗಿ, ಬಾಗಿಲು ಎಳೆದುಕೊಂಡು, ಏನೋ ಗೊಣಗಿ ಉಣಿಸಿ ಬರುತ್ತಿದ್ದರು. ಕೇಳಿದರೆ ಸರ್ಕಾರಿ ಗುಟ್ಟು ಎಂದು ನಗುತ್ತಿದ್ದರು. ಸರ್ಕಾರವೇ ಬಿಟ್ಟ ನಾಯಿಯ ಗುಟ್ಟನ್ನು ಇವರು ಬಿಟ್ಟಿರಲಿಲ್ಲ.

ಅವತ್ತೇ ಡಾಲಿಯನ್ನು ಸರ್ಕಾರಿ ಪಶು ಆಸ್ಪತ್ರೆಗೆ ನಡೆಸಿಕೊಂಡು ಹೋದೆವು. ಊರವರ ಬಾಯಲ್ಲಿ ಅದು ದನದ ಆಸ್ಪತ್ರೆ. ಕಟ್ಟಿದ್ದ ಎಮ್ಮೆ, ಹಸುಗಳ ನಡುವೆ ಡಾಲಿ ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಕೂತಿತ್ತು, ಡ್ಯೂಟಿಗೆ ಬಂದ ಹಾಗೆ. ಡಾಕ್ಟರು ಇನ್ನೂ ಹರೆಯದವರು. ಟೆಂಪರೇಚರ್ ನೋಡಿದರು. ಕಿವಿಯ ತುದಿ ಚುಚ್ಚಿ, ರಕ್ತದ ಹನಿಯನ್ನು ಗಾಜಿಗೆ ಸವರಿ ಬ್ಲಡ್ ಸ್ಮಿಯರ್ ತೆಗೆದರು. ಕಿವಿಯೊಳಗಿಂದ ಒಂದು ಉಣುಗು ಕಿತ್ತು ತೋರಿಸಿದರು. ಉಣುಗು ಕಚ್ಚಿ ರಕ್ತಕ್ಕೆ ಹತ್ತುವ ಜ್ವರ ಇದು, ದನಗಳಿಗೂ ಬರುತ್ತದೆ, ಇಂಜೆಕ್ಷನ್ ಇದೆ, ಎರಡು ಡೋಸ್ ಕೊಟ್ಟರೆ ಬದುಕುತ್ತದೆ ಎಂದರು. ಇಂಜೆಕ್ಷನ್ ಅಲ್ಲೇ ಬೀರುವಿನ ಗಾಜಿನ ಹಿಂದೆ ಕಾಣುತ್ತಿತ್ತು.

ಆಮೇಲೆ ಕೇಳಿದರು, "ಇದು ಯಾರ ನಾಯಿ? ಸರ್ಕಾರದ್ದೋ, ನಿಮ್ದೋ?"

ನಾವಿಬ್ಬರೂ ಒಟ್ಟಿಗೆ ಬಾಯಿ ತೆರೆದೆವು. ಇವರು ಸರ್ಕಾರದ್ದು ಎಂದರು, ನಾನು ನಮ್ಮದು ಎಂದೆ.

ಬೀರುವಿನಲ್ಲಿದ್ದದ್ದು ರೈತರ ದನಗಳಿಗೆಂದು ಬಂದ ಔಷಧಿ. ಪೊಲೀಸ್ ನಾಯಿಯಾದರೆ ಇಲಾಖೆಯವರು ಕೇಳಬೇಕು, ಆಗ ಕೊಡಬಹುದು. ಸಾಕಿದ ನಾಯಿಗೆ ಕೊಡುವ ಹಾಗಿಲ್ಲ. ಇವರು ಸ್ಟೇಷನ್ನಿಗೆ ಓಡಿದರು. ಅಲ್ಲಿನ ಸಾಹೇಬರು ಕೆಟ್ಟವರಲ್ಲ. ಕಂಡಮ್ ಆದ ನಾಯಿಯ ಖರ್ಚನ್ನು ಯಾವ ಲೆಕ್ಕಕ್ಕೆ ಹಾಕಲಯ್ಯಾ ಎಂದು ಇವರನ್ನೇ ಕೇಳಿದರಂತೆ. ಆಸ್ಪತ್ರೆಯ ಪ್ರಕಾರ ಪೊಲೀಸರು ನೋಡಿಕೊಳ್ಳಬೇಕು, ಪೊಲೀಸರ ಪ್ರಕಾರ ನಾವು. ಡಾಕ್ಟರು ಶಿವಮೊಗ್ಗದ ಮೇಲಧಿಕಾರಿಗಳಿಗೆ ಬರೆದು ಕೇಳುತ್ತೇನೆ, ಅಲ್ಲಿಯವರೆಗೆ ಹೊರಗೆ ಕೊಂಡುಕೊಳ್ಳಿ ಎಂದರು. ಶಿವಮೊಗ್ಗದ ಅಂಗಡಿಯಲ್ಲಿ ಒಂದೇ ಒಂದು ಸಿಕ್ಕಿತು. ತಾಳಗುಪ್ಪದ ರೈಲಿನಲ್ಲಿ ಗುರುತಿನ ಗಾರ್ಡ್ ಒಬ್ಬರು ಅದನ್ನು ತಂದುಕೊಟ್ಟರು.

ರೈತನ ಹಸುವಿನ ಔಷಧಿಗೆ ನಾನು ಕಣ್ಣು ಹಾಕುವವಳಲ್ಲ. ಒಂದು ಹಸು ಸತ್ತರೆ ಒಂದು ಮನೆಯ ಒಲೆ ಮಂಕಾಗುವುದನ್ನು ನೋಡಿಯೇ ಬೆಳೆದವಳು. ಆದರೆ ಓಡುವಷ್ಟು ದಿನ ಸರ್ಕಾರದ್ದು, ಕುಂಟಿದ ಮೇಲೆ ನಮ್ಮದು ಅನ್ನುವ ಲೆಕ್ಕ ಮಾತ್ರ ನನ್ನ ತಲೆಗೆ ಹೋಗಲಿಲ್ಲ. ಸೊಂಟ ಮುರಿದುಕೊಂಡದ್ದು ನಮ್ಮ ಹಿತ್ತಿಲಿನ ಬೇಲಿ ಹಾರಿ ಅಲ್ಲವಲ್ಲ.

ಆ ಬೇಸಿಗೆಯಲ್ಲಿ ಊರಿಗೆಲ್ಲ ಮಂಗನ ಕಾಯಿಲೆಯ ಹೆದರಿಕೆ. ಅದೂ ಉಣುಗು ಕಚ್ಚಿಯೇ ಬರುವುದು. ಉಣುಗು ಅಂದರೆ ಸಾಕು, ಜನ ಮಾರು ದೂರ ನಿಲ್ಲುತ್ತಿದ್ದರು. ಪಕ್ಕದ ಮನೆಯ ಗಂಗಕ್ಕ ಬೇಲಿಯ ಆಚೆಯಿಂದಲೇ ಕೇಳಿದಳು.

"ಎಂತ ಮಾರಾಯ್ತಿ, ಇದೂ ಅದೇ ಕಾಯ್ಲೆ ಅಲ್ಲ ತಾನೇ? ಮಕ್ಕಳು ಮರಿ ಇರೋ ಲೈನು."

ಡಾಕ್ಟರೇ ಬಂದು ಅದು ಬೇರೆ, ಇದು ಬೇರೆ ಎಂದು ಹೇಳಿಹೋದರು. ಗಂಗಕ್ಕ ಪೂರ್ತಿ ನಂಬಲಿಲ್ಲ. ಆದರೂ ಮರುದಿನದಿಂದ ಡಾಲಿಗೆಂದು ಗಂಜಿಯ ತಿಳಿಯನ್ನು ಒಂದು ಚೊಂಬಿನಲ್ಲಿ ಹಾಕಿ ಬೇಲಿಯ ಮೇಲೆ ಇಟ್ಟುಹೋಗುತ್ತಿದ್ದಳು.

ಮೊದಲ ಇಂಜೆಕ್ಷನ್ ಆದ ಮಾರನೆಯ ದಿನ ಹುಲಿಕಲ್ ಘಾಟಿಯಲ್ಲಿ ಲಾರಿ ಉರುಳಿತೆಂದು ಜೀಪು ಬಂದು ಇವರನ್ನು ಹತ್ತಿಸಿಕೊಂಡು ಹೋಯಿತು. ಸಂಜೆಗೆ ಬರುತ್ತೇನೆ ಎಂದವರು ಬರಲಿಲ್ಲ. ಅಲ್ಲೇ ಬಂದೋಬಸ್ತಿಗೆ ಉಳಿಸಿಕೊಂಡರು ಎಂದು ಸುದ್ದಿ ಬಂತು.

ಡಾಲಿಗೆ ಮಾತ್ರೆ ಕೊಡಬೇಕಿತ್ತು. ಏನಾದರೂ ತಿನ್ನಿಸಲೇಬೇಕಿತ್ತು, ಇಲ್ಲದಿದ್ದರೆ ರಕ್ತ ಏರುವುದಿಲ್ಲ ಎಂದಿದ್ದರು ಡಾಕ್ಟರು. ನಾನು ಕಡುಬಿನ ಚೂರಿನೊಳಗೆ ಮಾತ್ರೆ ಹುದುಗಿಸಿ ಮುಂದಿಟ್ಟೆ. ಡಾಲಿ ಮುಖ ತಿರುಗಿಸಿತು. ಮಾಂಸದ ಸಾರು ಇಟ್ಟೆ. ಬಾಯಲ್ಲಿ ನೀರು ಇಳಿಯುತ್ತಿತ್ತು, ಮೂಗು ಅದರುತ್ತಿತ್ತು, ಆದರೂ ಮುಟ್ಟಲಿಲ್ಲ. ತಿನ್ನೇ ಎಂದೆ. ತಿನ್ನೇ ನನ್ನ ತಾಯಿ ಎಂದೆ. ಬೈದೆ. ಬಾಯಿ ಬಿಡಿಸಿ ತುರುಕಿದರೆ ಮೆಲ್ಲಗೆ ನೆಲಕ್ಕೆ ಉಗುಳಿ, ತಪ್ಪಾಯಿತು ಎನ್ನುವ ಹಾಗೆ ನನ್ನ ಕಡೆ ನೋಡಿತು. ಹಸಿದ ಜೀವ ಕಲಿತ ಪಾಠ ಬಿಡದೆ ಸಾಯಹೊರಟಿತ್ತು.

ಹುಲಿಕಲ್ ಕಡೆ ಹೋಗುವ ಹೊಸನಗರದ ಬಸ್ಸು ಹೊರಡುವ ಹೊತ್ತಿಗೆ ಓಡಿದೆ. ನಮ್ಮ ಕಡೆ ಸುದ್ದಿ, ಮದ್ದು, ಬಾಣಂತಿಯ ಬಟ್ಟೆ, ಎಲ್ಲವೂ ಬಸ್ಸಿನ ಕಂಡಕ್ಟರ ಕೈಯಲ್ಲೇ ಹೋಗುವುದು. ಡಾಲಿ ಏನೂ ತಿನ್ನುತ್ತಿಲ್ಲ, ಆ ಮಾತು ಯಾವುದೆಂದು ಇವರನ್ನು ಕೇಳಿಕೊಂಡು ಬನ್ನಿ ಎಂದು ಕಂಡಕ್ಟರಿಗೆ ಹೇಳಿ ಕಳಿಸಿದೆ. ಮರುದಿನ ಬಸ್ಸು ಬಂದಾಗ ಕಂಡಕ್ಟರು ಇಳಿದು ಬಂದರು. ಸುತ್ತ ಜನ ಇದ್ದರೆಂದು ಸಂಕೋಚಪಟ್ಟು, ನನ್ನನ್ನು ಬದಿಗೆ ಕರೆದರು.

"ಅಕ್ಕಾ, ಅದನ್ನ ಬಹುವಚನದಲ್ಲಿ ಕರೀಬೇಕಂತೆ. ಬಟ್ಲು ಮುಂದಿಟ್ಟು 'ಊಟಕ್ಕೆ ಏಳಿ' ಅನ್ಬೇಕಂತೆ. ವಿಷ ಹಾಕೋ ಕಳ್ಳ ಎಷ್ಟೇ ಚುರುಕಾದ್ರೂ ನಾಯಿಗೆ ಮರ್ಯಾದೆ ಕೊಟ್ಟು ಮಾತಾಡಲ್ಲ, ಅದಕ್ಕೇ ಅದನ್ನ ಇಟ್ಟಿದ್ದು ಅಂದ್ರು."

ಅದು ನನ್ನ ಮಾತು. ಮದುವೆಯಾದಾಗಿನಿಂದ ಎಲೆ ಹಾಕಿ, ನೀರಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಅವರಿಗೆ ಹೇಳುತ್ತ ಬಂದ ಮಾತು. ದೂರದ ಬೆಂಗಳೂರಿನಲ್ಲಿ, ನಾನು ಜೊತೆಗಿಲ್ಲದ ದಿನಗಳಲ್ಲಿ, ಅವರು ಅದನ್ನು ನಾಯಿಗೆ ಕಲಿಸಿದ್ದರು. ನಗಬೇಕೋ ಅಳಬೇಕೋ ತಿಳಿಯದೆ ಮನೆಗೆ ಬಂದೆ. ಸಾರು ಬಿಸಿ ಮಾಡಿ, ಬಟ್ಟಲು ಇಟ್ಟು, ಗಂಗಕ್ಕ ಬೇಲಿಯ ಬಳಿ ಇಲ್ಲವೆಂದು ನೋಡಿಕೊಂಡು ಹೇಳಿದೆ.

"ಊಟಕ್ಕೆ ಏಳಿ."

ಡಾಲಿಯ ಕಿವಿ ನಿಮಿರಿತು. ನನ್ನನ್ನು ಒಮ್ಮೆ ನೋಡಿತು. ಎದ್ದು ಬಂದು ಮಾತ್ರೆಯ ಸಮೇತ ಎಲ್ಲವನ್ನೂ ತಿಂದಿತು. ನಾನು ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ.

ಆಮೇಲೆ ಏಕವಚನ ನನ್ನ ಬಾಯಿಗೆ ಬರಲೇ ಇಲ್ಲ. ಬನ್ನಿ, ಕೂತ್ಕಳಿ, ಬಿಸಿಲಿಗೆ ಹೋಗ್ಬೇಡಿ ಎಂದೆಲ್ಲ ಶುರುವಾಯಿತು. ಅತ್ತೆಯನ್ನೂ ನೀನು ಇಷ್ಟು ಚೆಂದ ಮಾತಾಡಿಸಿಲ್ಲ ಎಂದು ಗಂಗಕ್ಕ ಆಡಿಕೊಂಡಳು. ಉಚ್ಚೆ ತಿಳಿಯಾಯಿತು. ಡಾಲಿ ಸೊಂಟ ಎಳೆದುಕೊಂಡೇ ಬಾಗಿಲವರೆಗೆ ಬಂದು ಇವರ ದಾರಿ ಕಾಯತೊಡಗಿತು. ಗೆದ್ದೆವು ಎಂದುಕೊಂಡೆ.

ಎರಡನೆಯ ಡೋಸ್ ಎಲ್ಲೂ ಸಿಗಲಿಲ್ಲ. ಶಿವಮೊಗ್ಗದ ಅಂಗಡಿಗೆ ಇನ್ನೂ ಬಂದಿರಲಿಲ್ಲ. ದನದ ಆಸ್ಪತ್ರೆಯ ಬೀರುವಿನಲ್ಲಿ ಇತ್ತು. ಡಾಕ್ಟರು ಬರೆದು ಕೇಳಿದ್ದಕ್ಕೆ ಉತ್ತರ ಬಂದಿರಲಿಲ್ಲ. ನಾನು ದಿನಾ ಹೋಗಿ ಆ ಗಾಜಿನ ಎದುರು ನಿಂತು ಬರುತ್ತಿದ್ದೆ. ಡಾಕ್ಟರು ತಲೆ ತಗ್ಗಿಸುತ್ತಿದ್ದರು.

ಜ್ವರ ಮರುಕಳಿಸಿತು. ಒಂದು ಬೆಳಿಗ್ಗೆ ಡಾಲಿಯ ಕಣ್ಣಿನ ಬಿಳಿ ಅರಿಸಿನ ಬಳಿದಂತಾಗಿತ್ತು.

ಜಾಂಡೀಸ್.

ಇವರು ಬಂದೋಬಸ್ತು ಮುಗಿಸಿ ಬಂದ ದಿನವೇ ಡಾಕ್ಟರೂ ಬಂದರು. ಕೈಯಲ್ಲಿ ಬೀರುವಿನ ಇಂಜೆಕ್ಷನ್ ಇತ್ತು. ಯಾರಾದರೂ ಕೇಳಿದರೆ ನಾನು ಹೇಳಿಕೊಳ್ಳುತ್ತೇನೆ ಎಂದರು. ಕೊಟ್ಟರು. ಗ್ಲೂಕೋಸ್ ಏರಿಸಿದರು. ಎರಡು ದಿನ ನೋಡಿ, ಲಿವರ್ ಪೂರ್ತಿ ಹೋಗಿದೆ, ತಡವಾಯಿತು ಎಂದರು. ನಂತರ, ನೋವಾಗದಂತೆ ಮಲಗಿಸಿಬಿಡುವ ಇಂಜೆಕ್ಷನ್ ಒಂದಿದೆ, ಅದಕ್ಕೆ ನೀವು ಏನೂ ಕೊಡಬೇಕಾಗಿಲ್ಲ, ಕಂಡಮ್ ಆದ ನಾಯಿಗೆ ಅದರ ಖರ್ಚನ್ನು ಇಲಾಖೆಯೇ ಭರಿಸುತ್ತದಂತೆ ಎಂದರು.

ಉಳಿಸಲು ಇರದ ಲೆಕ್ಕ ಮುಗಿಸಲು ಇತ್ತು.

ನನಗೆ ಬಂದ ಸಿಟ್ಟನ್ನು ಆ ಹುಡುಗ ಡಾಕ್ಟರ ಮೇಲೆ ತೋರಿಸಿ ಏನು ಮಾಡಲಿ? ಇವರು ಡಾಲಿಯ ತಲೆ ಸವರುತ್ತ ಕೂತಿದ್ದರು.

"ಬೇಡ ಸಾರ್," ಎಂದರು. "ಇದು ನಮ್ಮನೆ ನಾಯಿ. ನಮ್ಮನೇಲೇ ಇರ್ಲಿ."

ಅಲ್ಲಿಯವರೆಗೆ ಒಂದು ಸಲವೂ ಅವರು ಹಾಗೆ ಹೇಳಿರಲಿಲ್ಲ. ಡಾಕ್ಟರು ನೋವು ಕಡಿಮೆಯಾಗಲು ಏನೋ ಕೊಟ್ಟು ಹೋದರು.

ಕೊನೆಯ ಬೆಳಿಗ್ಗೆ ನಾನು ಹಾಲು ಕಾಯಿಸಿ ಬಟ್ಟಲಿಗೆ ಹಾಕಿದೆ. ಕುಡಿಯುವುದಿಲ್ಲ ಎಂದು ಗೊತ್ತಿತ್ತು. ಆದರೂ ಕರೆಯದೆ ಇರಲಾಗಲಿಲ್ಲ. ಊಟಕ್ಕೆ ಏಳಿ ಎಂದೆ. ಡಾಲಿ ಮುಂಗಾಲು ಊರಿ ಏಳಲು ನೋಡಿತು. ಸೊಂಟ ಏಳಲಿಲ್ಲ. ಮತ್ತೆ ಊರಿತು. ಕಾಲು ನಡುಗಿ ಜಾರಿತು. ಏಳಿ ಎಂದು ನಾನೇ ಹೇಳಿದ್ದೆನಲ್ಲ, ಅದಕ್ಕೆ ಮತ್ತೆ ಮತ್ತೆ ಊರುತ್ತಿತ್ತು. ನಾನು ಓಡಿಹೋಗಿ ತಲೆಯನ್ನು ಮಡಿಲಿಗೆ ಎಳೆದುಕೊಂಡೆ.

"ಏಳೋದು ಬೇಡ," ಎಂದೆ. "ಮಲ್ಕಳಿ. ಇಲ್ಲೇ ಮಲ್ಕಳಿ."

ಮಲಗಿತು. ಇವರು ಎದುರು ಕೂತು ಪಾದ ಹಿಡಿದುಕೊಂಡಿದ್ದರು. ಬಿಸಿಲು ಹಿತ್ತಿಲಿಗೆ ಬರುವ ಮೊದಲೇ ಉಸಿರು ನಿಂತಿತು. ಬೇಲಿಯ ಮೇಲೆ ಗಂಗಕ್ಕನ ಚೊಂಬು ಇತ್ತು.

ಶಿವಮೊಗ್ಗದಿಂದ ಉತ್ತರ ಬಂದದ್ದು ಮಳೆ ಹಿಡಿದ ಮೇಲೆ. ಡಾಕ್ಟರು ಛತ್ರಿ ಹಿಡಿದು ಮನೆಗೇ ಬಂದು ಹೇಳಿದರು. ಇನ್ನು ಮುಂದೆ ಕೆಲಸ ಬಿಟ್ಟ ಪೊಲೀಸ್ ನಾಯಿ ಬಂದರೂ ಆಸ್ಪತ್ರೆಯ ಔಷಧಿಯನ್ನೇ ಕೊಡಬಹುದಂತೆ. ಕಂಡಮ್ ಎಂದು ಬರೆದಿಲ್ಲವಂತೆ, ರಿಟೈರ್ಡ್ ಎಂದು ಬರೆದಿದ್ದಾರಂತೆ. ಇವರು ಆ ಮಾತನ್ನು ಎರಡು ಸಲ ಕೇಳಿಸಿಕೊಂಡರು. ನಮ್ಮ ಡಾಲಿಗೆ ಸಿಗದ್ದು ಮುಂದೆ ಯಾವುದೋ ಮನೆಯ ನಾಯಿಗೆ ಸಿಗುತ್ತದೆ. ನನಗೆ ಸಂಕಟವಾಯಿತು, ಸಂತೋಷವೂ ಆಯಿತು. ಡಾಕ್ಟರಿಗೆ ಕಾಫಿ ಕೊಟ್ಟೆ. ಹಾಗೆ ಯಾರಾದರೂ ಬಂದರೆ, ನಾಯಿಗೆ ಉಣ್ಣಲು ಹೇಳುವ ಮಾತನ್ನು ಮನೆಯ ಹೆಂಗಸಿಗೂ ಹೇಳಿಕೊಡಲು ಹೇಳಿ ಎಂದೆ. ಅವರು ಆಗಲಿ ಎಂದರು.

ನಾನು ಈಗಲೂ ಎಲೆ ಹಾಕಿ, ನೀರಿಟ್ಟು, ಊಟಕ್ಕೆ ಏಳಿ ಎಂದೇ ಕರೆಯುತ್ತೇನೆ. ಬೇರೆ ಮಾತು ಬರುವುದಿಲ್ಲ. ಇವರು ಕೂಡಲೇ ಏಳುವುದಿಲ್ಲ. ಒಮ್ಮೆ ಹಿತ್ತಿಲಿನ ಕಡೆ ನೋಡುತ್ತಾರೆ. ನಾನೂ ನೋಡುತ್ತೇನೆ. ಆಮೇಲೆ ಎದ್ದು ಬಂದು ಕೂರುತ್ತಾರೆ, ನಾನು ಬಡಿಸುತ್ತೇನೆ.