ರಬ್ಬರಿನಲ್ಲಿ ಅಳಿಸಿದ ಹೆಸರು

ಮಗಳ ಚಾರ್ಟಿನ ಮೇಲೆ ಉದುರಿದ ರಬ್ಬರ್ ಪುಡಿಯ ವಾಸನೆಗೆ ನನಗಿಂದು ಮತ್ತೆ ನಾಚಿಕೆಯಾಯಿತು.

ನಾನು ಶಾಲೆಯಲ್ಲಿದ್ದಾಗ ಅಮೆರಿಕದ ಜರ್ಮನ್‌ಟೌನಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಎಡ್ನಾ ಆಂಟಿ, ಮೊದಮೊದಲ ರಾಕೆಟ್‌ಗಳ ದಾರಿಯನ್ನು ಪೆನ್ಸಿಲ್ಲಿನಲ್ಲೇ ಲೆಕ್ಕ ಹಾಕಿದ್ದ ಕಪ್ಪು ಹೆಣ್ಣುಮಗಳು. ವರದಿಗಳ ಮೇಲೆ ಮಾತ್ರ ಬಿಳಿ ಗಂಡಸರ ಹೆಸರು. ನನ್ನ ಸೈನ್ಸ್ ಫೇರ್ ಚಾರ್ಟಿನ ಲೆಕ್ಕ ತಿದ್ದಿದವರು ಅವರೇ. ಕೆಳಗೆ ಅವರ ಹೆಸರು ಬರೆದೆ.

ಎಂಜಿನಿಯರ್ ಅಪ್ಪ ನಕ್ಕರು. "ಆಯಮ್ಮ ರಾಕೆಟ್ ಲೆಕ್ಕ ಮಾಡಿದ್ಲಂತಾ? ಟೈಪ್ ಮಾಡಿರ್ತಾಳೆ ಬಿಡು. ಅಳಿಸು, ಜಡ್ಜ್‌ಗಳು ನಗ್ತಾರೆ."

ಅಳಿಸಿದೆ. ಬಿಳಿಯರು ಕಚೇರಿಯಲ್ಲಿ ಮಾಡಿದ್ದನ್ನೇ ನಾವು ಊಟದ ಮೇಜಿನ ಮೇಲೆ ಮಾಡಿದೆವು.

ಚಾರ್ಟ್ ನೋಡಲು ಶಾಲೆಗೆ ಬಂದ ಆಂಟಿ ಹೆಸರು ಅಳಿಸಿದ ಜಾಗದ ಮಸುಕು ಕಲೆಯನ್ನು ಬೆರಳಲ್ಲಿ ಸವರಿದರು. "ಲೆಕ್ಕ ಸರಿಯಾಗಿದೆ ಮಗೂ," ಎಂದು ಹೊರಟುಬಿಟ್ಟರು.

"ಅಮ್ಮಾ, ಹೆಲ್ಪ್ ಮಾಡಿದೋರ ನೇಮ್ ಬರೀಬೇಕಾ?" ಇಂದು ಮಗಳು ಕೇಳಿದಳು.

ಪೆನ್ಸಿಲ್ ಕಿತ್ತುಕೊಂಡು ಪೆನ್ನು ಕೊಟ್ಟೆ.