ಕಚ್ಚಿಕೊಂಡದ್ದನ್ನು ಬಿಡಿಸುವವನು

ಚಳ್ಳಕೆರೆಯಲ್ಲಿ ಮೋಟಾರು ಬಂದರೆ ಜನ ನಿಂತು ನೋಡುತ್ತಿದ್ದ ಕಾಲ. ನಾನು ಸಾಹುಕಾರರ ಡ್ರೈವರು. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತು ತುಕ್ಕು ಹಿಡಿದಿದ್ದ ಅವರ ಕಾರನ್ನು ಬಿಚ್ಚಲು ಮೊಳಕಾಲ್ಮೂರಿನ ಕಮ್ಮಾರನೊಬ್ಬ ಬಂದ.

ಕಚ್ಚಿಕೊಂಡ ನಟ್ಟಿಗೆ ನಾನು ಸುತ್ತಿಗೆ ಎತ್ತಿದರೆ ಮಣಿಕಟ್ಟು ಹಿಡಿದು, "ಹೊಡೀಬ್ಯಾಡ ತಮ್ಮಾ, ತಾನಾಗೇ ಬಿಡ್ತೈತೆ" ಎನ್ನುತ್ತಿದ್ದ. ಹೊಂಗೆ ಎಣ್ಣೆ ಹನಿಸಿ, ಕೆಂಡದ ಕಾವು ಕೊಟ್ಟು, ಬೀಡಿ ಸೇದುತ್ತ ಕೂರುತ್ತಿದ್ದ. ಇಡೀ ದಿನಕ್ಕೆ ಒಂದೇ ನಟ್ಟು! ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅವನ ಕೈಗೆ ಬಿಡದೆ ಉಳಿದ ನಟ್ಟನ್ನು ನಾನು ನೋಡಲಿಲ್ಲ.

ಕೆಲಸ ಅರ್ಧದಲ್ಲಿರುವಾಗ ಕೊಂಡ್ಲಹಳ್ಳಿಯಲ್ಲಿ ಅವನ ಅಳಿಯ ತೀರಿಕೊಂಡ. ತಿಥಿಗೆ ನಾನೂ ಹೋಗಿದ್ದೆ. ಮಗಳ ಬಳೆ ಒಡೆದಾಗಿತ್ತು. ಕಾಲುಂಗುರ ಮಾತ್ರ ಬಾತ ಬೆರಳಿಗೆ ಕಚ್ಚಿಕೊಂಡು, ಹೆಂಗಸರು ಎಷ್ಟು ಎಳೆದರೂ ಬರಲಿಲ್ಲ. ಹುಡುಗಿ ನೋವಿಗೆ ಚೀರಿದಳು.

"ನೀವೇ ಬಿಡಿಸ್ರಿ. ನಿಮ್ಮ ಕೈಗೆ ಬಿಡದಿರೋದು ಏನೈತೆ?" ಎಂದಳು ಬೀಗಿತ್ತಿ.

ಅವನು ಮಗಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿದ. ಬಹಳ ಹೊತ್ತು ಹಾಗೇ ಕೂತ. ಉಂಗುರ ಅವನ ಹೆಬ್ಬೆರಳಿನಡಿ ಸಲೀಸಾಗಿ ತಿರುಗಿದ್ದನ್ನು ನಾನು ಕಂಡೆ. ಅವನು ಅದನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ ಎದ್ದ.

"ಇದು ಬಿಡಂಗಿಲ್ಲವ್ವಾ" ಎಂದ.