ಮೈಕದಲ್ಲಿ ಒಂದು ಹೆಸರು

ಮಡಂತ್ಯಾರಿನ ಹುಕ್ರಪ್ಪನಿಗೆ ಇದ್ದದ್ದು ಒಂದೇ ಆಸೆ. ಕಂಬಳದ ಮೈಕದಲ್ಲಿ ಒಮ್ಮೆ ತನ್ನ ಹೆಸರು ಕೇಳಬೇಕು. ಕಂಡವರ ಕೋಣಗಳಿಗೆ ಎಣ್ಣೆ ತಿಕ್ಕಿಯೇ ತಲೆ ನರೆತವನಿಗೆ ಇದೇನು ದೊಡ್ಡ ಆಸೆಯೇ? ಊರಿನ ಕಣ್ಣಿಗೆ ದೊಡ್ಡದೇ. ಸಿರಿವಂತ ಕೋಣ ಕಟ್ಟಿದರೆ ಅದು ಛಲ, ಹುಕ್ರಪ್ಪ ಕಟ್ಟಿದರೆ ಕೊಬ್ಬು.

ಆದರೂ ಕಟ್ಟಿದ. ಬೊಳ್ಳ, ಕಾಟಿ ಎಂಬ ಎರಡು ಎಳೆಯ ಕೋಣಗಳನ್ನು ತಂದು, ಅವನೂ ಹೆಂಡತಿ ಸೇಸಮ್ಮನೂ ತಾವು ಗಂಜಿ ಕುಡಿದು ಅವಕ್ಕೆ ಹುರುಳಿ ಬೇಯಿಸಿ ಹಾಕಿದರು. ಬೊಳ್ಳ ಓಟಕ್ಕೆ ಬಿಟ್ಟರೆ ಕೈಗೆ ಸಿಗುತ್ತಿರಲಿಲ್ಲ. ಕಾಟಿ ಪಾಪ, ಪಕ್ಕದಲ್ಲಿ ಏದುಸಿರು ಬಿಡುತ್ತಿತ್ತು. ನೊಗಕ್ಕೆ ಕಟ್ಟಿದ ಮೇಲೆ ನಿಧಾನದ ಕೋಣದ ಓಟವೇ ಎರಡರ ಓಟ. ಹೋದಲ್ಲೆಲ್ಲ ಮೊದಲ ಸುತ್ತಿನಲ್ಲೇ ಸೋತು ಬಂದರು.

ಆಗ ಬಂದವರು ತೋಡಾರಿನ ಪದ್ಮಯ್ಯ. ದೊಡ್ಡ ಮನೆ, ಹಟ್ಟಿ ತುಂಬ ಕೋಣ. “ನಿನ್ನ ಬೊಳ್ಳನಿಗೆ ನನ್ನ ಕೋಣವನ್ನು ಜೋಡಿ ಮಾಡುವ ಮಾರಾಯ. ಮೈಕದಲ್ಲಿ ಇಬ್ಬರ ಹೆಸರೂ ಹೇಳಿಸ್ತೇನೆ,” ಎಂದರು.

ಹುಕ್ರಪ್ಪ ಕರಗಿಹೋದ. ಒಂಟಿಯಾದ ಕಾಟಿಯನ್ನು ಸುಮ್ಮನೆ ಸಾಕುವ ತಾಕತ್ತು ಅವನಿಗಿರಲಿಲ್ಲ, ದಲ್ಲಾಳಿಗೆ ಕೊಟ್ಟುಬಿಟ್ಟ. ದಲ್ಲಾಳಿಯ ಟೆಂಪೊ ಎಲ್ಲಿಗೆ ಹೋಗುತ್ತದೆಂದು ಊರಿಗೆಲ್ಲ ಗೊತ್ತು, ಅವನಿಗೂ ಗೊತ್ತಿತ್ತು. ಸೇಸಮ್ಮ ಮಾತು ಬಿಟ್ಟಳು.

ಮೂಡುಬಿದಿರೆಯ ಕಂಬಳದಲ್ಲಿ ಹೊಸ ಜೋಡಿ ಗೆದ್ದೇಬಿಟ್ಟಿತು. ಬೆಳಗಿನ ಬಿಸಿಲಲ್ಲಿ, ಮೈಯೆಲ್ಲ ಕೆಸರು ಮಾಡಿಕೊಂಡು, ಬೊಳ್ಳನ ಹಗ್ಗ ಹಿಡಿದು ಹುಕ್ರಪ್ಪ ಕಿವಿಗೊಟ್ಟು ನಿಂತ. “ತೋಡಾರು ಪದ್ಮಯ್ಯ ಅವರ ಕೋಣಗಳು ಪ್ರಥಮ!” ಮತ್ತೆ ಅದೇ. ಮತ್ತೂ ಅದೇ.

“ಧಣಿಗಳೇ, ನನ್ನ ಹೆಸರು?”

“ಒಂದು ಜೋಡಿಗೆ ಒಂದೇ ಹೆಸರು ಅಲ್ವಾ ಮಾರಾಯ? ಬರುವ ವರ್ಷ ನೋಡುವ.” ಪದ್ಮಯ್ಯ ಆಗಲೇ ಫೋಟೊಕ್ಕೆ ನಿಂತಾಗಿತ್ತು. “ಹಗ್ಗ ಹಿಡಿದವರು ಸ್ವಲ್ಪ ಆಚೆ,” ಎಂದ ಫೋಟೊದವ. ಹುಕ್ರಪ್ಪ ಸರಿದ. ಪಕ್ಕದಲ್ಲಿ ಯಾರೋ ಹೊಗಳುತ್ತಿದ್ದರು: “ಛಲ ಅಂತ ಇದ್ದರೆ ಪದ್ಮಯ್ಯನವರ ಹಾಗೆ ಇರಬೇಕು.” ಏನು ಮಾಡುವುದು, ಹುಕ್ರಪ್ಪ ಕೋಣಕ್ಕೆ ನೀರು ಕುಡಿಸಲು ಹೋದ.

ಮನೆಯಲ್ಲಿ ಸೇಸಮ್ಮ ಗಂಜಿ ಬಡಿಸಿ ಎದುರು ಕೂತಳು. ಕಾಟಿ ಹೋದ ಮೇಲೆ ಅವಳು ತಾನಾಗಿ ಬಾಯಿ ಬಿಟ್ಟದ್ದು ಅಂದೇ.

“ಹೆಸರು ಹೇಳಿದರಾ?”

“ಹೇಳಿದರು.”

“ಮೈಕದಲ್ಲಿಯಾ?”

“ಹ್ಞೂಂ. ಊರಿನ ಹೆಸರೂ ಸೇರಿಸಿ.”

ಸೇಸಮ್ಮ ಸೆರಗಿನಿಂದ ಕಣ್ಣೊರಸಿಕೊಂಡಳು. “ಹಾಗಾದರೆ ಕಾಟಿ ಹೋದದ್ದಕ್ಕೆ ಒಂದು ಅರ್ಥ ಉಂಟು. ಊಟ ಮಾಡಿ,” ಎಂದಳು.